ಉದ್ದ ಲೋಟದಲ್ಲಿದ್ದರೆ ಶರಬತ್ತು ಜಾಸ್ತಿಯಾ?

ಪ್ರಶ್ನೆ: ನಮ್ಮದು ಬದಿಯಡ್ಕ ಕಡೆ. ಮಗನಿಗೆ ಐದು ವರ್ಷ, ಯುಕೆಜಿ. ಮಗಳಿಗೆ ಒಂಬತ್ತು. ಇಬ್ಬರಿಗೂ ಒಂದೇ ಸೌಟಿನಲ್ಲಿ ಅಳೆದು ಪುನರ್ಪುಳಿ ಶರಬತ್ತು ಕೊಟ್ಟರೂ, ಅಕ್ಕನ ಉದ್ದ ಲೋಟ ನೋಡಿ ‘ಅವಳಿಗೆ ಜಾಸ್ತಿ’ ಎಂದು ರಂಪ ಮಾಡುತ್ತಾನೆ. ಅವನೆದುರೇ ಅಳೆದು ತೋರಿಸಿದರೂ ಒಪ್ಪುವುದಿಲ್ಲ. ಇವನಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ ಎನ್ನುತ್ತಾರೆ ಅತ್ತೆ. ಟ್ಯೂಷನ್‌ಗೆ ಹಾಕಬೇಕಾ?

ಉತ್ತರ: ಬೇಡ. ನಾಳೆ ಉದ್ದ ಲೋಟ ಅವನಿಗೇ ಕೊಟ್ಟು ನೋಡಿ. ‘ನನಗೇ ಜಾಸ್ತಿ’ ಎಂದು ಕುಣಿದರೆ, ಅದು ಹಠವೂ ಅಲ್ಲ, ಅಕ್ಕನ ಮೇಲಿನ ಹೊಟ್ಟೆಕಿಚ್ಚೂ ಅಲ್ಲ. ಅವನಿಗೆ ನಿಜವಾಗಿಯೂ ಹಾಗೇ ಕಾಣುತ್ತದೆ.

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ (1896–1980) 1920ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಮಕ್ಕಳ ಬುದ್ಧಿ ಪರೀಕ್ಷೆಯ ಕೆಲಸ ಮಾಡುತ್ತಿದ್ದರು. ಒಂದೇ ವಯಸ್ಸಿನ ಮಕ್ಕಳು ಒಂದೇ ಥರದ ತಪ್ಪು ಉತ್ತರ ಕೊಡುವುದು ಅವರ ಕಣ್ಣಿಗೆ ಬಿತ್ತು. ತಪ್ಪಿಗೂ ಒಂದು ಲೆಕ್ಕಾಚಾರ ಇದೆ ಅಂತಾಯಿತಲ್ವಾ? ಎರಡರಿಂದ ಏಳು ವರ್ಷದವರೆಗಿನ ಮಗು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದನ್ನೇ ಗಮನಿಸುತ್ತದೆ ಎಂದರು ಅವರು. ನಿಮ್ಮ ಮಗ ಎತ್ತರ ನೋಡಿದ, ಅಗಲ ಬಿಟ್ಟ. ಎರಡನ್ನೂ ಒಟ್ಟಿಗೆ ತೂಗಿ ನೋಡುವುದು, ‘ವಾಪಸ್ ಸುರಿದರೆ ಮೊದಲಿನಷ್ಟೇ’ ಎಂದು ಮನಸ್ಸಿನಲ್ಲೇ ಹಿಂದೆ ಹೋಗುವುದು ಆರೇಳು ವರ್ಷದ ಆಸುಪಾಸಿಗೆ ಬರುತ್ತದೆ.

ಈ ವಯಸ್ಸಿನ ಪಟ್ಟಿಯನ್ನು ಕ್ಯಾಲೆಂಡರಿನ ಹಾಗೆ ಗೋಡೆಗೆ ಅಂಟಿಸಿಕೊಳ್ಳಬೇಡಿ. ಅಂಗಳದಲ್ಲಿ ಸುಲಿದ ಅಡಿಕೆಯನ್ನು ಐದೈದರಂತೆ ಎರಡು ಸಾಲು ಜೋಡಿಸಿ, ‘ಯಾವುದರಲ್ಲಿ ಜಾಸ್ತಿ?’ ಎಂದು ಕೇಳಿ. ಒಂದು ಸಾಲನ್ನು ನೀವೇ ಬಿಡಿಸಿ ಉದ್ದ ಮಾಡಿ, ಅದೇ ಪ್ರಶ್ನೆ ಮತ್ತೆ ಕೇಳಿ. ಈ ವಯಸ್ಸಿನ ಸುಮಾರು ಮಕ್ಕಳು ಉದ್ದದ್ದನ್ನೇ ತೋರಿಸುತ್ತಾರೆ. ಆದರೆ 1974ರಲ್ಲಿ ಮೆಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್ ಎಂಬ ಸಂಶೋಧಕರು ಸಾಲು ಕೆಡಿಸುವ ಕೆಲಸವನ್ನು ಒಂದು ತುಂಟ ಕರಡಿ ಗೊಂಬೆಗೆ ಬಿಟ್ಟರು. ಆಗ ‘ಎರಡೂ ಸಮ’ ಎಂದ ಮಕ್ಕಳ ಸಂಖ್ಯೆ ತುಂಬ ಹೆಚ್ಚಿತು! ದೊಡ್ಡವರು ಬೇಕೆಂದೇ ಏನೋ ಬದಲಿಸಿ ಅದೇ ಪ್ರಶ್ನೆ ಮತ್ತೆ ಕೇಳಿದರೆ, ಉತ್ತರವೂ ಬದಲಾಗಬೇಕೇನೋ ಎಂದುಕೊಳ್ಳುತ್ತದೆ ಮಗು. ‘ಸರಿಯಾಗಿ ನೋಡಿ ಹೇಳು’ ಎಂದು ನಾವು ಮೇಷ್ಟ್ರ ಥರ ಒತ್ತಾಯ ಮಾಡುತ್ತೇವಲ್ಲ, ಅದೂ ಹೀಗೇ ಕೆಲಸ ಕೆಡಿಸುತ್ತದೆ.

ಕೈಯಲ್ಲಿ ಮಾಡಿ ಕಲಿತದ್ದೂ ಲೆಕ್ಕಕ್ಕೆ ಬರುತ್ತದೆ. ಮೆಕ್ಸಿಕೋದಲ್ಲಿ ಕುಂಬಾರರ ಮಕ್ಕಳು ಮಣ್ಣಿನ ಮುದ್ದೆಯ ಪರೀಕ್ಷೆಯಲ್ಲಿ (ಮುದ್ದೆಯ ಆಕಾರ ಬದಲಿಸಿ, ಮಣ್ಣು ಅಷ್ಟೇ ಇದೆಯಾ ಎಂದು ಕೇಳುವುದು) ಬೇರೆ ಮಕ್ಕಳಿಗಿಂತ ಮುಂದಿದ್ದರು ಎಂದು 1969ರ ಒಂದು ಅಧ್ಯಯನ ಹೇಳಿದೆ. ಹಾಗಾಗಿ ಟ್ಯೂಷನ್ ದುಡ್ಡು ಉಳಿಸಿ, ಮಗನ ಕೈಗೆ ನೀರು, ಚೊಂಬು, ಲೋಟ ಕೊಡಿ. ಸುಮ್ನೆ ಸುರಿದಾಡಲಿ, ನೆಲ ಒದ್ದೆಯಾದರೆ ಆಗಲಿ. ಪಕ್ಕದಲ್ಲಿ ಅಕ್ಕ ಇರಲಿ. ಮಗು ಒಂಟಿಯಾಗಿ ಮಾಡಲಾಗದ್ದನ್ನು ಬಲ್ಲವರ ಸ್ವಲ್ಪ ಸಹಾಯದಿಂದ ಮಾಡುತ್ತದೆ, ಕಲಿಕೆ ನಡೆಯುವುದು ಅಲ್ಲೇ ಎಂದವರು ರಷ್ಯಾದ ಮನೋವಿಜ್ಞಾನಿ ವೈಗೋಟ್‌ಸ್ಕಿ. ನನ್ನ ಮಟ್ಟಿಗೆ ಒಂಬತ್ತರ ಅಕ್ಕನಿಗಿಂತ ಒಳ್ಳೆಯ ಮೇಷ್ಟ್ರು ಇವನಿಗೆ ಸಿಗಲಿಕ್ಕಿಲ್ಲ.

ಇನ್ನು ಅತ್ತೆಯ ಮಾತು. ಲೋಟ ನೋಡಿ ಯಾರ ಲೆಕ್ಕದ ಬುದ್ಧಿಯನ್ನೂ ಅಳೆಯಲಾಗದು ಎಂದು ಅವರಿಗೆ ಹೇಳಿ. ಐದು ವರ್ಷವಾದರೂ ಮನೆಮಾತಿನಲ್ಲಿ ವಾಕ್ಯ ಜೋಡಿಸಿ ಮಾತಾಡದಿದ್ದರೆ, ಬೇರೆ ಮಕ್ಕಳ ಜತೆ ಸೇರದೇ ಇದ್ದರೆ, ಕಲಿತದ್ದನ್ನೇ ಮರೆಯುತ್ತಿದ್ದರೆ ಮಾತ್ರ ತಡಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ.