ಜ್ಯೂರಿ ಒಮ್ಮತಕ್ಕೆ ಬರದಿದ್ದಾಗ ಆರೋಪಿಯನ್ನು ಮತ್ತೆ ವಿಚಾರಣೆಗೆ ಒಳಪಡಿಸುವುದು ಸರಿಯೇ?

ಒಮ್ಮೆ ಸರಿ, ಅದನ್ನು ಮೀರಿದರೆ ಪ್ರಾಸಿಕ್ಯೂಟರ್ (ಮೊಕದ್ದಮೆ ನಡೆಸುವ ಸರ್ಕಾರಿ ವಕೀಲ) ಬಲವಾದ ಕಾರಣ ಕೊಡಲೇಬೇಕು ಎಂಬುದು ನನ್ನ ಅಭಿಪ್ರಾಯ. ಅಮೆರಿಕದಲ್ಲಿ ಗಂಭೀರ ಅಪರಾಧದ ತೀರ್ಪಿಗೆ ಜ್ಯೂರಿಯ, ಅಂದರೆ ತೀರ್ಪು ಕೊಡಲು ಆಯ್ಕೆಯಾದ ಸಾಮಾನ್ಯ ನಾಗರಿಕರ ತಂಡದ, ಸದಸ್ಯರೆಲ್ಲರ ಒಮ್ಮತ ಬೇಕು. ಅದು ಸಾಧ್ಯವಾಗದೆ ನ್ಯಾಯಾಧೀಶರು ಜ್ಯೂರಿಯನ್ನು ವಿಸರ್ಜಿಸಿದರೆ ಆರೋಪಿ ಅಪರಾಧಿಯೂ ಅಲ್ಲ, ಖುಲಾಸೆಯಾದವನೂ ಅಲ್ಲ. ಆದ್ದರಿಂದ ಒಂದೇ ಅಪರಾಧಕ್ಕೆ ಎರಡು ಬಾರಿ ವಿಚಾರಣೆ ಕೂಡದೆಂಬ ಸಂವಿಧಾನದ ರಕ್ಷಣೆ ಮರುವಿಚಾರಣೆಗೆ ಅಡ್ಡಬರುವುದಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1824ರಲ್ಲೇ, ಪೆರೆಜ್ ಪ್ರಕರಣದಲ್ಲಿ ಹೇಳಿದೆ. ಒಬ್ಬಿಬ್ಬರು ಸದಸ್ಯರ ಹಟದಿಂದ ಸಂತ್ರಸ್ತರಿಗೆ ನ್ಯಾಯ ತಪ್ಪಬಾರದಲ್ಲವೇ?

ಆದರೆ ಎಷ್ಟು ಬಾರಿ ಎಂಬುದಕ್ಕೆ ಸಂವಿಧಾನದಲ್ಲಿ ಮಿತಿಯಿಲ್ಲ, ತೊಡಕು ಇರುವುದೇ ಅಲ್ಲಿ. ಮಿಸಿಸಿಪ್ಪಿಯ ವಿನೋನಾ ಊರಿನ ಪೀಠೋಪಕರಣಗಳ ಅಂಗಡಿಯಲ್ಲಿ 1996ರಲ್ಲಿ ನಡೆದ ನಾಲ್ವರ ಕೊಲೆಗಾಗಿ ಕರ್ಟಿಸ್ ಫ್ಲವರ್ಸ್ ಎಂಬ ಕಪ್ಪು ವರ್ಣೀಯರನ್ನು ಒಬ್ಬರೇ ಪ್ರಾಸಿಕ್ಯೂಟರ್ ಆರು ಬಾರಿ ವಿಚಾರಣೆಗೆ ಎಳೆದರು. ಮೊದಲ ಮೂರು ಶಿಕ್ಷೆಗಳು ಮೇಲ್ಮನವಿಯಲ್ಲಿ ರದ್ದಾದವು. 2007ರಲ್ಲಿ ಜ್ಯೂರಿ 7–5ರಂತೆ ಒಡೆಯಿತು, 2008ರಲ್ಲೂ ಒಮ್ಮತ ಮೂಡಲಿಲ್ಲ. ಆದರೂ ನಿಲ್ಲಿಸದೆ 2010ರಲ್ಲಿ ಮರಣದಂಡನೆ ಕೊಡಿಸಿದರು. ಆರು ವಿಚಾರಣೆಗಳಲ್ಲಿ ಕೈಬಿಡಬಹುದಾಗಿದ್ದ 42 ಕಪ್ಪು ವರ್ಣೀಯ ಜ್ಯೂರಿ ಅಭ್ಯರ್ಥಿಗಳಲ್ಲಿ 41 ಮಂದಿಯನ್ನು ಸರ್ಕಾರದ ಪರ ವಕೀಲರು ಹೊರಗಿಟ್ಟಿದ್ದನ್ನು ಗಮನಿಸಿದ ಸುಪ್ರೀಂ ಕೋರ್ಟ್ 2019ರಲ್ಲಿ ಆ ತೀರ್ಪನ್ನೂ ರದ್ದುಪಡಿಸಿತು. 2020ರಲ್ಲಿ ಮೊಕದ್ದಮೆಯನ್ನೇ ಕೈಬಿಡಲಾಯಿತು. ಅಷ್ಟರಲ್ಲಿ ಅವರು ಸುಮಾರು 23 ವರ್ಷ ಸೆರೆಯಲ್ಲಿ ಕಳೆದಿದ್ದರು.

ಹೊಸ ಸಾಕ್ಷ್ಯವಿಲ್ಲದೆ ಅದೇ ಸಾಕ್ಷಿಗಳನ್ನು ಮತ್ತೆ ಮತ್ತೆ ಕರೆತರುವುದು, ತಮಗೆ ಒಲಿಯುವ ಹನ್ನೆರಡು ಮಂದಿ ಸಿಗುವವರೆಗೆ ಕಾಯುವುದಷ್ಟೇ ಆಗುತ್ತದೆ. ಪದೇ ಪದೇ ಒಮ್ಮತ ಮೂಡದೆ, ಮುಂದೆಯೂ ಶಿಕ್ಷೆಯಾಗುವ ಸಂಭವ ಕಾಣದಿದ್ದರೆ ನ್ಯಾಯಾಧೀಶರೇ ಪ್ರಕರಣವನ್ನು ವಜಾಗೊಳಿಸಬಹುದೆಂದು ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ತೀರ್ಪಿತ್ತಿತು; ಈ ಅಧಿಕಾರ ಎಲ್ಲ ರಾಜ್ಯಗಳ ನ್ಯಾಯಾಧೀಶರಿಗೂ ಇರಬೇಕು.