ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೆ ಪ್ರತ್ಯೇಕ ಸಾಲ ಯಾಕೆ? ನಾವೂ ಬರಿಗೈಲಿ ಬಂದವರಲ್ವಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ಬ್ರಿಸ್ಬೇನ್‌ಗೆ ಬಂದು ಎರಡು ವರ್ಷ ಆಗಿದೆ, ಮನೆ ಕೊಳ್ಳಲು ಡೆಪಾಸಿಟ್ ಕೂಡಿಡುತ್ತಿದ್ದೀರಿ. ಇಲ್ಲಿನ ಮೂಲನಿವಾಸಿಗಳಿಗೆ ಸರ್ಕಾರದ ಸಂಸ್ಥೆಯೇ ಕಡಿಮೆ ಬಡ್ಡಿಗೆ ಮನೆ ಸಾಲ, ವ್ಯಾಪಾರಕ್ಕೆ ಸಾಲ, ಊರಿನ ಸಂಘಗಳಿಗೆ ಅನುದಾನ ಕೊಡುತ್ತದೆ ಅಂತ ಗೊತ್ತಾಗಿ, "ನಾವೂ ಬರಿಗೈಲಿ ಬಂದವರು, ಅವರಿಗೆ ಮಾತ್ರ ಯಾಕೆ? ಇದರಿಂದ ಅವರು ಸ್ವಂತ ಕಾಲ ಮೇಲೆ ನಿಲ್ಲುತ್ತಾರಾ?" ಅಂತ ಕೇಳಿದ್ದೀರಿ.

ನಾನು ಟೌನ್ಸ್‌ವಿಲ್‌ನಲ್ಲಿ ಹದಿನಾಲ್ಕು ವರ್ಷದಿಂದ ಸಣ್ಣ ವ್ಯಾಪಾರಗಳ ಲೆಕ್ಕ ಬರೆಯುತ್ತೇನೆ. ನನ್ನ ಗಿರಾಕಿಗಳಲ್ಲಿ ಅಬೊರಿಜಿನಲ್ ಮತ್ತು ಟೊರೆಸ್ ಸ್ಟ್ರೇಟ್ ದ್ವೀಪದವರು, ಅಂದರೆ ಇಲ್ಲಿನ ಮೂಲನಿವಾಸಿಗಳು, ಸಾಕಷ್ಟು ಜನ ಇದ್ದಾರೆ. ಬಂದ ಹೊಸದರಲ್ಲಿ ನನ್ನ ಮನಸ್ಸಿನಲ್ಲೂ ಇದೇ ಪ್ರಶ್ನೆ ಇತ್ತು. ಹಾಗಾಗಿ ಬೇಜಾರಿಲ್ಲದೆ ಉತ್ತರಿಸುತ್ತೇನೆ.

ಮೊದಲು ಆ "ಬರಿಗೈ" ಅನ್ನೋ ಮಾತು. ನಾನು ಇಲ್ಲಿಗೆ ಬಂದದ್ದು ಓದಲು. ಫೀಸಿಗೆ ಎಜುಕೇಶನ್ ಲೋನ್ ಬೇಕಿತ್ತು, ಅದಕ್ಕೆ ತುಮಕೂರಿನಲ್ಲಿದ್ದ ನಮ್ಮ ಸೈಟಿನ ಪತ್ರ ಅಡವಿಟ್ಟೆವು. ಟಿಕೆಟ್ಟಿಗೆ ಅಮ್ಮ ನಾಲ್ಕು ಬಳೆ ತೆಗೆದುಕೊಂಡು ಹೋಗಿ ಸೊಸೈಟಿಯಲ್ಲಿಟ್ಟರು. ಬಿಡಿಸಿಕೊಳ್ಳಲು ಮೂರು ವರ್ಷ ಆಯಿತು. ಆಗ ನಾನೂ "ಏನೂ ಇಲ್ಲದೆ ಬಂದೆ" ಅಂತಲೇ ಹೇಳಿಕೊಳ್ಳುತ್ತಿದ್ದೆ. ಆದರೆ ನಮ್ಮ ಮನೆಯಲ್ಲಿ ಅಡವಿಡಲು ಏನೋ ಇತ್ತಲ್ಲ? ಆ ಸೈಟು ನಮ್ಮ ತಾತ ಸಂಬಳದಲ್ಲಿ ಉಳಿಸಿ ಕೊಂಡದ್ದು. ತಾತನ ಸಂಬಳ ತಾತನ ಕೈಗೇ ಬರುತ್ತಿತ್ತು.

ಇಲ್ಲಿ, ನಿಮ್ಮ ಬ್ರಿಸ್ಬೇನ್, ನಮ್ಮ ಟೌನ್ಸ್‌ವಿಲ್ ಎರಡೂ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ, ಹಾಗಿರಲಿಲ್ಲ. 1897ರಲ್ಲಿ "ರಕ್ಷಣೆ" ಅನ್ನುವ ಹೆಸರಿನಲ್ಲಿ ಒಂದು ಕಾಯ್ದೆ ಬಂತು. ಅದರ ಕೆಳಗೆ ಬಂದ ಅಬೊರಿಜಿನಲ್ ಜನ ದನದ ಫಾರ್ಮಿನಲ್ಲೋ, ಯಾರದೋ ಮನೆಗೆಲಸದಲ್ಲೋ ದುಡಿದರೆ, ಕೂಲಿಯ ದೊಡ್ಡ ಪಾಲು ನೇರ ಸರ್ಕಾರದ ಖಾತೆಗೆ ಹೋಗುತ್ತಿತ್ತು. ತಮ್ಮದೇ ದುಡ್ಡು ತೆಗೆಯಬೇಕಾದರೆ "ಪ್ರೊಟೆಕ್ಟರ್" ಅನ್ನುವ ಅಧಿಕಾರಿಯ ಅಪ್ಪಣೆ ಬೇಕು. ಎಷ್ಟೋ ಕಡೆ ಆ ಅಧಿಕಾರಿ ಊರಿನ ಪೊಲೀಸನೇ. ಇದು ಬ್ರಿಟಿಷರ ಕಾಲದ ಕಥೆ ಅಂದುಕೊಳ್ಳಬೇಡಿ, 1970ರ ದಶಕದವರೆಗೂ ಬಂತು. ಹ್ಯಾನ್ಸ್ ಪಿಯರ್ಸನ್ ಅಂತ ಒಬ್ಬರು ಹುಡುಗನಾಗಿದ್ದಾಗಿನಿಂದ ದನ ಕಾಯುವ ಕೆಲಸ ಮಾಡಿದವರು. ವರ್ಷಗಟ್ಟಲೆ ದುಡಿದು, ಹೆಂಡತಿ ಮಕ್ಕಳಿಗೆ ಒಂದು ಮನೆ ಮಾಡೋಣ ಅಂತ ದುಡ್ಡು ಕೇಳಲು ಹೋದರೆ ಸಿಕ್ಕಿದ್ದು 28 ಪೌಂಡ್. ಅವರೇ ಮುಂದೆ ನಿಂತು ನಡೆಸಿದ ಮೊಕದ್ದಮೆಯಲ್ಲಿ 2019ರಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ 19 ಕೋಟಿ ಡಾಲರ್ ಕೊಡಲು ಒಪ್ಪಿತು. ಅಷ್ಟು ಹೊತ್ತಿಗೆ ದುಡಿದವರಲ್ಲಿ ಎಷ್ಟೋ ಜನ ತೀರಿಹೋಗಿದ್ದರು.

ಇದನ್ನು ಓದಿಕೊಂಡ ಮೇಲೆ ನನ್ನ ಪ್ರಶ್ನೆಯೇ ಬದಲಾಯಿತು. ಬ್ಯಾಂಕು ಸಾಲ ಕೊಡುವಾಗ ಆದಾಯದ ಜೊತೆಗೆ ಮುಖ್ಯವಾಗಿ ಕೇಳುವುದು ಎರಡು: ಡೆಪಾಸಿಟ್ ಎಷ್ಟಿದೆ, ಅಡವಿಡಲು ಏನಿದೆ. ಎರಡೂ ಹೆಚ್ಚಾಗಿ ಅಪ್ಪ-ಅಮ್ಮ, ಅಜ್ಜ-ಅಜ್ಜಿಯಿಂದ ಬರುವಂಥವು. ಅವರ ಕೂಲಿಯನ್ನೇ ತಡೆಹಿಡಿದರೆ ಮೊಮ್ಮಕ್ಕಳು ಬ್ಯಾಂಕಿಗೆ ಏನು ತೋರಿಸಬೇಕು?

ಈಗ ನೀವು ಕೇಳಿದ ಸಂಸ್ಥೆ. ಅದರ ಹೆಸರು ಇಂಡಿಜಿನಸ್ ಬಿಸಿನೆಸ್ ಆಸ್ಟ್ರೇಲಿಯಾ, ಎಲ್ಲರೂ ಐಬಿಎ ಅಂತಾರೆ. 1990ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಗಿ 2001ರಲ್ಲಿ ಈ ಹೆಸರು ಬಂತು. ಮನೆ ಸಾಲದ ಯೋಜನೆ ಇನ್ನೂ ಹಳೆಯದು, 1975ರಿಂದ ಇದೆ. ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ: ಇದು ಬಿಟ್ಟಿ ದುಡ್ಡಲ್ಲ. ಸಾಲ ಅಂದರೆ ಸಾಲವೇ. ಬಡ್ಡಿ ಇದೆ, ಕಂತಿದೆ. ಕಟ್ಟಿದ ಕಂತು ವಾಪಸ್ ಬಂದು ಮುಂದಿನವರಿಗೆ ಸಾಲವಾಗುತ್ತದೆ. ಬೇರೆ ಬ್ಯಾಂಕಿಗೂ ಇದಕ್ಕೂ ಇರುವ ವ್ಯತ್ಯಾಸ ಡೆಪಾಸಿಟ್ಟಿನಲ್ಲಿ. ಬ್ಯಾಂಕಿನಲ್ಲಿ 20% ಡೆಪಾಸಿಟ್ ಇಲ್ಲದಿದ್ದರೆ ಸಾಮಾನ್ಯವಾಗಿ ಇನ್ಶೂರೆನ್ಸ್ ಅಂತ ಸಾವಿರಾರು ಡಾಲರ್ ಹಾಕುತ್ತಾರೆ, ನಿಮಗೂ ಹೇಳಿರುತ್ತಾರೆ. ಐಬಿಎ ಸಣ್ಣ ಡೆಪಾಸಿಟ್‌ಗೆ ಕೊಡುತ್ತದೆ, ಆ ಇನ್ಶೂರೆನ್ಸ್ ಇಲ್ಲ. ಕಡಿಮೆ ಆದಾಯದವರಿಗೆ ಬಡ್ಡಿ ಕೆಳಗಿನಿಂದ ಶುರುವಾಗಿ ನಿಧಾನಕ್ಕೆ ಏರುತ್ತದೆ. ಕೆಲವು ವರ್ಷ ಸರಿಯಾಗಿ ಕಟ್ಟಿದವರು ಆಮೇಲೆ ಮಾಮೂಲಿ ಬ್ಯಾಂಕಿಗೆ ಸಾಲ ಬದಲಾಯಿಸಿಕೊಳ್ಳುತ್ತಾರೆ. ಉದ್ದೇಶವೂ ಅದೇ.

ನನ್ನ ಒಬ್ಬ ಗಿರಾಕಿಯ ವಿಷಯ ಹೇಳುತ್ತೇನೆ. ಐವತ್ತರ ಆಸುಪಾಸಿನ ಹೆಂಗಸು, ತಾಯಿಯ ಕಡೆಯವರು ಪಾಮ್ ಐಲ್ಯಾಂಡ್‌ನವರು. ಸಭೆ ಸಮಾರಂಭಗಳಿಗೆ ಅಡುಗೆ ಮಾಡಿ ಕಳಿಸುವ ಕೆಲಸ. ಮೊದಲ ದಿನ ನನ್ನ ಹತ್ತಿರ ಬಂದಾಗ ಕೈಯಲ್ಲಿ ಒಂದು ಐಸ್‌ಕ್ರೀಂ ಡಬ್ಬ. ಅದರ ತುಂಬಾ ರಸೀದಿ, ಶಾಯಿ ಮಾಸಿದವು, ಎಣ್ಣೆ ಹತ್ತಿದವು. ಒಂದೂ ಬಿಟ್ಟಿರಲಿಲ್ಲ. ಆರು ವರ್ಷದಿಂದ ಬಾಡಿಗೆ ಒಂದು ವಾರವೂ ತಪ್ಪಿಸಿರಲಿಲ್ಲ. ಆದರೂ ಫ್ರಿಜ್ ಇರುವ ವ್ಯಾನ್ ಕೊಳ್ಳಲು ಎರಡು ಕಡೆ ಸಾಲ ಕೇಳಿ ಇಲ್ಲ ಅನ್ನಿಸಿಕೊಂಡಿದ್ದರು. ಒಂದು ಕಡೆಯಂತೂ ಅರ್ಜಿ ತೆಗೆದುಕೊಳ್ಳುವ ಮೊದಲೇ "ಸ್ವಂತ ಮನೆ ಇದೆಯಾ?" ಅಂತ ಕೇಳಿ ಮಾತು ಮುಗಿಸಿದರಂತೆ.

ಐಬಿಎನವರು ಕೂಡ ಸುಮ್ನೆ ಕೊಡಲಿಲ್ಲ. ಬಿಸಿನೆಸ್ ಪ್ಲಾನ್ ಕೇಳಿದರು, ತರಬೇತಿಗೆ ಕೂರಿಸಿದರು, ಹನ್ನೆರಡು ತಿಂಗಳಲ್ಲಿ ಯಾವ ತಿಂಗಳು ಎಷ್ಟು ಬರುತ್ತೆ ಎಷ್ಟು ಹೋಗುತ್ತೆ ಅಂತ ಬರೆಸಿದರು. ಆ ಹಾಳೆ ನಾವಿಬ್ಬರೂ ಕೂತು ನಾಲ್ಕು ಸಲ ತಿದ್ದಿದೆವು. ಜನವರಿಯಲ್ಲಿ ವ್ಯಾಪಾರ ಇರೋದಿಲ್ಲ, ಇಲ್ಲಿ ಆಗ ಮಳೆಗಾಲ, ಕಚೇರಿಗಳಿಗೆ ರಜೆ. ಆ ಒಂದು ತಿಂಗಳನ್ನು ಅವರು ಕಣ್ಣಲ್ಲಿ ನೋಡಿದ್ದರು, ಕಾಗದದ ಮೇಲೆ ನೋಡಿರಲಿಲ್ಲ. ವ್ಯಾನ್ ಬಂತು. ಮೊದಲ ವರ್ಷ ಕಷ್ಟವಾಯಿತು, ಒಂದು ದೊಡ್ಡ ಗಿರಾಕಿ ಬಿಲ್ಲಿನ ದುಡ್ಡು ಎರಡು ತಿಂಗಳು ಎಳೆದಾಡಿದ. ಅಂಥ ಹೊತ್ತಿನಲ್ಲಿ ಫೋನ್ ಎತ್ತಿ ಮಾತಾಡಿ, ಕಂತನ್ನು ಹೊಂದಿಸಿಕೊಡುವ ಒಬ್ಬ ಮನುಷ್ಯ ಆ ಕಡೆ ಇದ್ದದ್ದೇ ಅವರನ್ನು ಉಳಿಸಿತು. ನನ್ನನ್ನು ಕೇಳಿದರೆ ಕಡಿಮೆ ಬಡ್ಡಿಗಿಂತ ಇದೇ ದೊಡ್ಡ ಸಹಾಯ. ಸಾಲ ಕೊಟ್ಟು ಮೊದಲ ಎರಡು ವರ್ಷ ಜೊತೆಗಿದ್ದರೆ ಅರ್ಧ ವ್ಯಾಪಾರಗಳು ಮುಳುಗೋದು ತಪ್ಪುತ್ತದೆ ಅಂತ ನನಗೆ ಬಲವಾಗಿ ಅನಿಸಿದೆ.

ಮನೆಯ ಲೆಕ್ಕ ಇನ್ನೂ ಹಿಂದಿದೆ. 2021ರ ಜನಗಣತಿ ಪ್ರಕಾರ ಮೂಲನಿವಾಸಿ ಕುಟುಂಬಗಳಲ್ಲಿ ಸ್ವಂತ ಮನೆ ಇರುವವರು, ಸಾಲ ತೀರದವರನ್ನೂ ಸೇರಿಸಿ, ಸುಮಾರು 42%. ಮೂಲನಿವಾಸಿಗಳಲ್ಲದ ಕುಟುಂಬಗಳಲ್ಲಿ ಇದು ಸುಮಾರು ಮೂರರಲ್ಲಿ ಎರಡು ಪಾಲು.

ಸಾಲದಿಂದಲೇ ಎಲ್ಲ ಸರಿಹೋಗುತ್ತಾ ಅಂದರೆ, ಇಲ್ಲ. ನೆಲದ ವಿಷಯ ಬೇರೆಯೇ ಇದೆ. ನಮ್ಮ ಟೌನ್ಸ್‌ವಿಲ್‌ನ ಯೂನಿವರ್ಸಿಟಿಯಲ್ಲಿ ಮಾಲಿ ಕೆಲಸ ಮಾಡುತ್ತಿದ್ದ ಎಡ್ಡಿ ಮಾಬೊ, ತನ್ನ ದ್ವೀಪದ ನೆಲ ತನ್ನ ಜನರದ್ದೇ ಅಂತ ಹತ್ತು ವರ್ಷ ಕೋರ್ಟಿನಲ್ಲಿ ಹೋರಾಡಿದವರು. 1992ರ ಜೂನ್ 3ರಂದು ಹೈಕೋರ್ಟ್, ಅಂದರೆ ಇಲ್ಲಿನ ಅತಿ ದೊಡ್ಡ ಕೋರ್ಟು, ಅವರ ಕಡೆ ತೀರ್ಪು ಕೊಟ್ಟಿತು. ಅದನ್ನು ನೋಡಲು ಅವರಿರಲಿಲ್ಲ, ಜನವರಿಯಲ್ಲೇ ತೀರಿಕೊಂಡಿದ್ದರು. ಆ ತೀರ್ಪಿನಿಂದ ಬಂದ ಹಕ್ಕು ಇಡೀ ಸಮುದಾಯದ್ದು. ಮಾರುವ ಹಾಗಿಲ್ಲ. ಮಾರುವ ಹಾಗಿಲ್ಲದ ನೆಲವನ್ನು ಬ್ಯಾಂಕು ಅಡವು ಹಿಡಿಯೋದಿಲ್ಲ. ಹಾಗಾಗಿ ಪಟ್ಟಣದಲ್ಲಿರುವವರಿಗೆ ಮನೆ ಸಾಲ ಹೇಗೋ ಸಿಗುತ್ತದೆ, ತಮ್ಮದೇ ನೆಲದಲ್ಲಿ ಇರುವವರಿಗೆ ಸಿಗೋದು ಕಷ್ಟ. ಕೆಲವು ಕಡೆ ನೆಲ ಮಾರದೆ 99 ವರ್ಷದ ಲೀಸ್ ಕೊಟ್ಟು, ಆ ಲೀಸನ್ನು ಅಡವಿಡುವ ದಾರಿ ಮಾಡಿದ್ದಾರೆ. ಆದರೆ ಕಂತು ತಪ್ಪಿದರೆ ನೆಲ ಕೈಬಿಡುತ್ತೆ ಅನ್ನೋ ಭಯ ಹಿರಿಯರಿಗಿದೆ. ಆ ಭಯ ಸುಳ್ಳು ಅಂತ ನಾನು ಹೇಳಲಾರೆ.

ನಮ್ಮ ಕಡೆಯೂ ಇದೇ ಗಂಟು ಇದೆ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಿಗುವ ಹಕ್ಕುಪತ್ರ ಮಕ್ಕಳಿಗೆ ಹೋಗುತ್ತದೆ, ಆದರೆ ಮಾರುವ ಹಾಗಿಲ್ಲ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಿಕ್ಕ ಸಮುದಾಯದ ಹಕ್ಕನ್ನೂ ಯಾರೂ ಕೊಳ್ಳಲಾಗದು. ನೆಲ ಉಳಿಯಬೇಕಾದರೆ ಅದು ಬೇಕೇ ಬೇಕು. ಹಾಗಾದರೆ ಬಂಡವಾಳ ಬೇರೆ ದಾರಿಯಲ್ಲಿ ಬರಬೇಕಲ್ಲ?

ಅನುದಾನ ಬೇಕಾಗೋದು ಇಲ್ಲೇ. ಅಡವಿಡಲಾಗದ ಕಡೆ, ಲಾಭ ಬರದ ಕೆಲಸಕ್ಕೆ: ಮಕ್ಕಳನ್ನು ಕರೆದೊಯ್ಯುವ ಬಸ್ಸು, ಹಿರಿಯರ ಭಾಷೆ ಕಲಿಸುವ ತರಗತಿ, ಊರಿನ ವರ್ಕ್‌ಶಾಪು. ನಾನು ಲೆಕ್ಕ ಬರೆಯುವ ಒಂದು ಸಂಘಕ್ಕೆ ವರ್ಷ ವರ್ಷ ಅನುದಾನ ಬರುತ್ತದೆ. ಇಲ್ಲಿ ಜೂನ್ 30ಕ್ಕೆ ಹಣಕಾಸು ವರ್ಷ ಮುಗಿಯುತ್ತದೆ, ಮುಂದಿನದು ಬರುತ್ತೋ ಇಲ್ಲವೋ ಮೇ ಕೊನೆಯವರೆಗೂ ಗೊತ್ತಿರೋದಿಲ್ಲ. ಒಳ್ಳೆಯ ಡ್ರೈವರ್ ಅಷ್ಟರಲ್ಲಿ ಬೇರೆ ಕೆಲಸ ನೋಡಿಕೊಳ್ಳುತ್ತಾನೆ. ಪ್ರತಿ ಸಲ ಹೊಸಬನನ್ನು ಹುಡುಕಬೇಕು. ಐದು ವರ್ಷಕ್ಕೆ ಒಟ್ಟಿಗೆ ಮಾತು ಕೊಟ್ಟರೆ ಅದೇ ದುಡ್ಡಿನಲ್ಲಿ ಎಷ್ಟು ಜಾಸ್ತಿ ಕೆಲಸ ಆಗುತ್ತೆ!

ದುರುಪಯೋಗ ಇಲ್ವಾ ಅಂತಲೂ ಕೇಳಬಹುದು. ಇದೆ. 2015ರಿಂದ ಇಲ್ಲಿನ ಕೇಂದ್ರ ಸರ್ಕಾರ ತನ್ನ ಗುತ್ತಿಗೆಗಳಲ್ಲಿ ಒಂದು ಪಾಲು ಮೂಲನಿವಾಸಿ ವ್ಯಾಪಾರಗಳಿಗೇ ಕೊಡಬೇಕು ಅಂತ ನೀತಿ ಮಾಡಿತು. ಆಗ ಹೆಸರಿಗೆ ಒಬ್ಬ ಮೂಲನಿವಾಸಿ ಪಾಲುದಾರನನ್ನು ಇಟ್ಟುಕೊಂಡು ಲಾಭವೆಲ್ಲ ತಾವೇ ಎತ್ತುವವರು ಹುಟ್ಟಿಕೊಂಡರು. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಬೇನಾಮಿ. ಆದರೆ ಅಲ್ಲಿ ಮೋಸ ಮಾಡುವವರು ಯಾರು, ಮೋಸ ಹೋಗುವವರು ಯಾರು ಅಂತ ಸರಿಯಾಗಿ ನೋಡಿ. ಈಗ ನಿಯಮ ಬಿಗಿ ಮಾಡುತ್ತಿದ್ದಾರೆ, ತುಂಬಾ ಹಿಂದೆಯೇ ಮಾಡಬೇಕಿತ್ತು.

ಇನ್ನು ಸ್ವಂತ ಕಾಲ ಮೇಲೆ ನಿಲ್ಲುವ ಮಾತು. ಆ ಅಡುಗೆಯ ಹೆಂಗಸು ವ್ಯಾನಿನ ಸಾಲ ತೀರಿಸಿದರು. ಆಮೇಲೆ ಐಬಿಎಯಲ್ಲೇ ಮನೆ ಸಾಲ ತೆಗೆದು ಮೂರು ಕೋಣೆಯ ಮನೆ ಕೊಂಡರು. ಅವರ ಮನೆತನದಲ್ಲಿ ಕಾಗದದ ಮೇಲೆ ಮನೆ ಬಂದದ್ದು ಅದೇ ಮೊದಲು. ಹೋದ ತಿಂಗಳು ಫೋನ್ ಮಾಡಿದ್ದರು. ಮಗಳು ಹೇರ್ ಸಲೂನ್ ಇಡಬೇಕಂತೆ, ಬ್ಯಾಂಕಿನವರು ಜಾಮೀನು ಏನಿದೆ ಅಂತ ಕೇಳಿದರಂತೆ. "ನನ್ನ ಮನೆ ಇಡಬಹುದಾ?" ಅಂತ ಕೇಳಿದರು. ಇಡುವ ಮೊದಲು ಎಷ್ಟು ಅಪಾಯ ಅಂತ ಕೂತು ಲೆಕ್ಕ ಹಾಕೋಣ ಅಂದೆ. ಶನಿವಾರ ತಾಯಿ ಮಗಳು ಇಬ್ಬರೂ ಬರುತ್ತಿದ್ದಾರೆ. ಹನ್ನೆರಡು ತಿಂಗಳ ಹಾಳೆಯನ್ನು ಮಗಳು ಆಗಲೇ ತುಂಬಿ ಕಳಿಸಿದ್ದಾಳೆ, ಜನವರಿಯಲ್ಲಿ ಆದಾಯ ಕಡಿಮೆ ಬರೆದಿದ್ದಾಳೆ.