ಕೇಳಿ ನೋಡಿ: ಸೀಸೆಯಿಂದ ಕೋಶಪೊರೆಯವರೆಗೆ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಲೋಹ ಸಂಕೀರ್ಣಗಳದ್ದೇ (ಲೋಹದ ಸುತ್ತ ಬೇರೆ ಅಣು, ಅಯಾನುಗಳು ಅಂಟಿಕೊಂಡ ಸಂಯುಕ್ತಗಳು). ಪ್ರಯೋಗಾಲಯದಲ್ಲಿ ಕೈಕೊಟ್ಟ ಕೆಲಸಗಳ ಬಗ್ಗೆ ಬರೆದವರಿಗೆ ಮೊದಲು ಜಾಗ ಕೊಟ್ಟಿದ್ದೇವೆ.

ಕ್ಯಾನ್ಸರ್ ಔಷಧ ಸಿಸ್‌ಪ್ಲಾಟಿನ್ ಅನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ 10 ಮಿಲಿಮೋಲಾರ್ ಸ್ಟಾಕ್ (ಬೇಕಾದಾಗ ತೆಳುಮಾಡಿಕೊಳ್ಳುವ ಗಾಢ ದ್ರಾವಣ) ಮಾಡಿ ಫ್ರೀಜರಿನಲ್ಲಿಟ್ಟಿದ್ದೇನೆ. ಮೊದಲ ದಿನ ಜೀವಕೋಶಗಳು ಚೆನ್ನಾಗಿಯೇ ಸತ್ತವು. ಮೂರನೇ ವಾರಕ್ಕೆ 50 ಮೈಕ್ರೋಮೋಲಾರ್ ಕೊಟ್ಟರೂ ಜಗ್ಗುತ್ತಿಲ್ಲ. ಕೋಶಗಳಿಗೆ ಪ್ರತಿರೋಧ ಬಂದಿರಬಹುದೇ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಕೋಶಗಳನ್ನು ದೂರಬೇಡಿ. ಆ ಸೀಸೆಯಲ್ಲಿ ಈಗ ಸಿಸ್‌ಪ್ಲಾಟಿನ್ ಉಳಿದಿಲ್ಲ.

ಸಿಸ್‌ಪ್ಲಾಟಿನ್ ಅಂದರೆ ಪ್ಲಾಟಿನಂಗೆ ಎರಡು ಅಮೋನಿಯಾ, ಎರಡು ಕ್ಲೋರೈಡ್, ಒಂದೇ ಬಗೆಯವು ಅಕ್ಕಪಕ್ಕ (ಎದುರುಬದುರು ಕೂತರೆ ಅದು ಟ್ರಾನ್ಸ್). ಕ್ಲೋರೈಡ್ ಬಿಟ್ಟುಹೋದ ಜಾಗದಲ್ಲಿಯೇ ಅದರ ಮದ್ದಿನ ಗುಣ ಇರುವುದು. ರಕ್ತದಲ್ಲಿ ಕ್ಲೋರೈಡ್ 100 ಮಿಲಿಮೋಲಾರ್‌ನಷ್ಟು ಇರುವುದರಿಂದ ಅಲ್ಲಿ ಅದು ಅಲುಗಾಡುವುದಿಲ್ಲ. ಜೀವಕೋಶದೊಳಗೆ ಕ್ಲೋರೈಡ್ ತೀರಾ ಕಡಿಮೆ. ಅಲ್ಲಿ ನೀರು ಬಂದು ಕ್ಲೋರೈಡನ್ನು ಎಬ್ಬಿಸುತ್ತದೆ, ನೀರನ್ನು ಡಿಎನ್‌ಎಯ ಗ್ವಾನಿನ್ ಎಬ್ಬಿಸುತ್ತದೆ. ಡಿಎಂಎಸ್‌ಒದಲ್ಲಿ ಗಂಧಕ ಇದೆ, ಪ್ಲಾಟಿನಂಗೆ ಗಂಧಕ ಎಂದರೆ ಪ್ರಾಣ. ನೀವು ಕರಗಿಸಲು ಕುಲುಕುತ್ತಿರುವಾಗಲೇ ಅದು ಕ್ಲೋರೈಡಿನ ಜಾಗದಲ್ಲಿ ಕೂರತೊಡಗುತ್ತದೆ, ಮತ್ತೆ ಸುಲಭಕ್ಕೆ ಏಳುವುದಿಲ್ಲ. ಫ್ರೀಜರಿನಲ್ಲಿ ಗಟ್ಟಿಯಾಗಿದ್ದಾಗ ಈ ಕ್ರಿಯೆ ನಿಧಾನ ನಿಜ. ಆದರೆ ಪ್ರತಿಸಲ ಹೊರತೆಗೆದು ಬೆಂಚಿನ ಮೇಲಿಟ್ಟ ಅರ್ಧರ್ಧ ಗಂಟೆಗಳೆಲ್ಲ ಕೂಡಿಕೊಂಡು ಮೂರು ವಾರದಲ್ಲಿ ಲೆಕ್ಕ ಚುಕ್ತಾ ಆಗಿದೆ. ಪ್ಲಾಟಿನಂ-195 ಎನ್‌ಎಂಆರ್ ಸೌಲಭ್ಯವಿದ್ದರೆ ನೋಡಿ: ಮೈನಸ್ 2100 ಪಿಪಿಎಂ ಆಸುಪಾಸಿನಲ್ಲಿರಬೇಕಾದ ಗೆರೆ ಮೈನಸ್ 3100ರ ಹತ್ತಿರಕ್ಕೆ ಸರಿದಿರುತ್ತದೆ.

ಸರಿಯಾದ ಸ್ಟಾಕ್ ಹೀಗೆ: 10 ಮಿಲಿಗ್ರಾಂ ಸಿಸ್‌ಪ್ಲಾಟಿನ್, 10 ಮಿಲಿಲೀಟರ್ 0.9 ಶೇಕಡಾ ಸಲೈನ್. 37 ಡಿಗ್ರಿಯಲ್ಲಿ ಕಲಕುತ್ತ ತಾಳ್ಮೆಯಿಂದ ಕರಗಿಸಿ. ಒಂದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಇದು 3.3 ಮಿಲಿಮೋಲಾರ್ ಆಗುತ್ತದೆ. 1 ಮಿಲಿಲೀಟರ್ ಮೀಡಿಯಂಗೆ 3 ಮೈಕ್ರೋಲೀಟರ್ ಹಾಕಿದರೆ ಸುಮಾರು 10 ಮೈಕ್ರೋಮೋಲಾರ್. 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಸೀಸೆಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಕೋಣೆಯ ತಾಪದಲ್ಲೇ ಇಡಿ. ಫ್ರಿಜ್ಜಿಗೆ ಸೇರಿಸಿದರೆ ಹಳದಿ ಹರಳು ತಳ ಹಿಡಿಯುತ್ತದೆ, ಮೇಲಿನ ತಿಳಿಯಲ್ಲಿ ಎಷ್ಟಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಫಾಯಿಲ್ ಸೀಸೆಯ ಹೊರಗಿರಲಿ. ದ್ರಾವಣಕ್ಕೆ ಅಲ್ಯೂಮಿನಿಯಂ ತಾಗಿದರೆ ಪ್ಲಾಟಿನಂ ಕಪ್ಪಗೆ ಕೂರುತ್ತದೆ. ಬರೀ ನೀರಿನಲ್ಲೂ ಕರಗಿಸಬೇಡಿ. 37 ಡಿಗ್ರಿಯಲ್ಲಿ ಸುಮಾರು ಎರಡೇ ಗಂಟೆಯಲ್ಲಿ ಅರ್ಧದಷ್ಟು ಮೊದಲ ಕ್ಲೋರೈಡ್ ಕಳೆದುಕೊಂಡಿರುತ್ತದೆ.

ಸಲೈನಿನಲ್ಲಿ ಕರಗದ ಪ್ಲಾಟಿನಂ ಸಂಯುಕ್ತ ಇದ್ದರೆ ಗಂಧಕವಿಲ್ಲದ ದ್ರಾವಕವಾದ ಡಿಎಂಎಫ್ ಬಳಸಿ, ಕೊನೆಯ ಪ್ರಮಾಣ 0.5 ಶೇಕಡಾ ಮೀರದಂತೆ. ಬರೀ ಡಿಎಂಎಫ್ ಹಾಕಿದ ಕಂಟ್ರೋಲ್ ಬಾವಿಗಳನ್ನು ಮರೆಯಬೇಡಿ. ಹಳೆಯ ಸ್ಟಾಕಿನಿಂದ ತೆಗೆದ ಅಂಕಿಗಳನ್ನು ಥೀಸಿಸ್ಸಿಗೆ ಹಾಕದಿರುವುದೇ ಕ್ಷೇಮ.

ಸಿಸ್‌ಪ್ಲಾಟಿನ್ ಕೊಳ್ಳಲು ದುಡ್ಡಿಲ್ಲ, ನಾವೇ ಮಾಡೋಣವೆಂದು ಪೊಟ್ಯಾಸಿಯಂ ಟೆಟ್ರಾಕ್ಲೋರೋಪ್ಲಾಟಿನೇಟಿಗೆ ನೇರವಾಗಿ ಅಮೋನಿಯಾ ಹಾಕಿದೆವು. ಹಳದಿಯ ಜೊತೆ ಹಸಿರು ಪುಡಿಯೂ ಬಂತು. ಏನಿದು?
— ಕಾಲೇಜು ಉಪನ್ಯಾಸಕರು, ತುಮಕೂರು

ಹಸಿರು ಪುಡಿ ಮ್ಯಾಗ್ನಸ್ ಲವಣ. ಒಂದಷ್ಟು ಪ್ಲಾಟಿನಂ ನಾಲ್ಕು ಅಮೋನಿಯಾಗಳನ್ನೂ ಹಿಡಿದು ಧನ ಅಯಾನಾಗಿದೆ, ಉಳಿದ ಟೆಟ್ರಾಕ್ಲೋರೋಪ್ಲಾಟಿನೇಟ್ ಅದಕ್ಕೆ ಜೊತೆಯಾಗಿದೆ. ಈ ದಾರಿ ಬಿಡಿ. 1970ರಲ್ಲಿ ಇಂಡಿಯನ್ ಜರ್ನಲ್ ಆಫ್ ಕೆಮಿಸ್ಟ್ರಿಯಲ್ಲಿ ಧಾರಾ ಅವರು ಪ್ರಕಟಿಸಿದ ವಿಧಾನವನ್ನೇ ಇವತ್ತಿಗೂ ಜಗತ್ತೆಲ್ಲ ಬಳಸುತ್ತದೆ. ಅದರ ಗುಟ್ಟು ಅಯೋಡೈಡ್. ತನ್ನ ಎದುರಿಗೆ ಕೂತ ಲಿಗ್ಯಾಂಡನ್ನು (ಲೋಹಕ್ಕೆ ಅಂಟಿದ ಅಣು ಅಥವಾ ಅಯಾನನ್ನು) ಎಬ್ಬಿಸುವುದರಲ್ಲಿ ಅದು ಕ್ಲೋರೈಡಿಗಿಂತ ಜೋರು. ಮೊದಲ ಅಮೋನಿಯಾ ಕೂತ ಮೇಲೆ ಎರಡನೆಯದಕ್ಕೆ ಸಿಗುವುದು ಅಯೋಡೈಡಿನ ಎದುರಿನ ಜಾಗವೇ. ಹಾಗಾಗಿ ಎರಡೂ ಅಕ್ಕಪಕ್ಕ ಬೀಳುತ್ತವೆ.

1 ಗ್ರಾಂ ಟೆಟ್ರಾಕ್ಲೋರೋಪ್ಲಾಟಿನೇಟಿಗೆ (2.4 ಮಿಲಿಮೋಲ್) 2.4 ಗ್ರಾಂ ಪೊಟ್ಯಾಸಿಯಂ ಅಯೋಡೈಡ್. ಕೆಂಪು ದ್ರಾವಣ ಕಡುಗಂದಾಗುತ್ತದೆ. ಸೋಸಿ, ಗಾಢ ಅಮೋನಿಯಾ 0.35 ಮಿಲಿಲೀಟರನ್ನು ನೀರಿನಲ್ಲಿ ತೆಳುಮಾಡಿ ಹನಿಹನಿಯಾಗಿ ಬಿಡಿ. ಹಳದಿ ಡೈಅಯೋಡೋ ಸಂಯುಕ್ತ ಗಸಿಯಾಗಿ ಕೂರುತ್ತದೆ. ಚೆನ್ನಾಗಿ ತೊಳೆದು ಒಣಗಿಸಿ. ಪೂರ್ತಿ ಬಂದರೆ 1.16 ಗ್ರಾಂ. ಇದಕ್ಕೆ ನೀರಿನಲ್ಲಿ ಸಿಲ್ವರ್ ನೈಟ್ರೇಟ್ 0.80 ಗ್ರಾಂ ಹಾಕಿ ಕತ್ತಲಲ್ಲಿ ಕಲಕಿ. ಲೆಕ್ಕ ಪ್ರಕಾರ ಬೇಕಾದ್ದು 0.82, ಬೇಕೆಂದೇ ಕೊಂಚ ಕಡಿಮೆ ಹೇಳಿದ್ದೇವೆ. ಬೆಳ್ಳಿ ಹೆಚ್ಚಾದರೆ ಅದು ಕೊನೆಯ ಹರಳಿನ ಜೊತೆ ಸೇರಿ ಜೀವಕೋಶಗಳನ್ನು ತಾನೇ ಕೊಲ್ಲುತ್ತದೆ, ಕೀರ್ತಿ ಮಾತ್ರ ಪ್ಲಾಟಿನಂಗೆ ಹೋಗುತ್ತದೆ. ಸಿಲ್ವರ್ ಅಯೋಡೈಡನ್ನು ಸೀಲೈಟ್ ಎಂಬ ಸೋಸುಪುಡಿಯ ಮೇಲೆ ಸೋಸಿ, ತಿಳಿಯ ಒಂದು ಹನಿಗೆ ಉಪ್ಪುನೀರು ಹಾಕಿ ನೋಡಿ. ಆ ಕ್ಷಣವೇ ಬಿಳಿ ಮಬ್ಬು ಬಂದರೆ ಬೆಳ್ಳಿ ಉಳಿದಿದೆ. ಬರದಿದ್ದರೆ 1.8 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿ. ಹಳದಿ ಸಿಸ್‌ಪ್ಲಾಟಿನ್ ನಿಧಾನಕ್ಕೆ ಇಳಿಯುತ್ತದೆ.

ಸಿಸ್ ಬಂತೋ ಟ್ರಾನ್ಸ್ ಬಂತೋ ತಿಳಿಯಲು ಕುರ್ನಾಕೋವ್ ಪರೀಕ್ಷೆ ಸಾಕು: ಕೆಲವು ಮಿಲಿಗ್ರಾಂ ಪುಡಿಗೆ ಥಯೋಯೂರಿಯಾ ದ್ರಾವಣ ಹಾಕಿ ಬಿಸಿ ಮಾಡಿ. ಕಡುಹಳದಿಯಾದರೆ ಸಿಸ್, ತಣಿದಾಗ ಬಿಳಿ ಸೂಜಿಗಳು ಬಂದರೆ ಟ್ರಾನ್ಸ್. ಗ್ಲೌಸ್, ಫ್ಯೂಮ್ ಹುಡ್ ಎರಡೂ ಇಲ್ಲದೆ ಮಾಡಬೇಡಿ. ಕ್ಲೋರೋಪ್ಲಾಟಿನೇಟ್ ಪುಡಿ ಉಸಿರಿಗೆ ಸಿಕ್ಕರೆ ಆಸ್ತಮಾದಂಥ ಅಲರ್ಜಿ ಅಂಟಿಕೊಳ್ಳುತ್ತದೆ.

ಲೈಪೋಸೋಮಿನೊಳಗೆ (ಲಿಪಿಡ್ ಪೊರೆಯ ಸಣ್ಣ ಚೀಲ) ಸಿಸ್‌ಪ್ಲಾಟಿನ್ ತುಂಬಿಸಿ ಅಳೆದೆ. ಹಾಕಿದ್ದರಲ್ಲಿ 3 ಶೇಕಡಾ ಕೂಡ ಒಳಗಿಲ್ಲ. ಎಲ್ಲಿ ತಪ್ಪಿದೆ?
— ಸಂಶೋಧನಾ ವಿದ್ಯಾರ್ಥಿ, ಮಂಗಳೂರು

ಎಲ್ಲೂ ತಪ್ಪಿಲ್ಲ, ಗಣಿತವೇ ಹಾಗಿದೆ. ನೀವು ಬರೆದ ವಿಧಾನ ಎಲ್ಲರೂ ಮಾಡುವುದೇ: ಡಿಒಪಿಸಿ ಎಂಬ ಲಿಪಿಡ್ 5.5 ಮಿಲಿಗ್ರಾಂ, ಕೊಲೆಸ್ಟರಾಲ್ 1.16 ಮಿಲಿಗ್ರಾಂ, ಒಟ್ಟು 10 ಮೈಕ್ರೋಮೋಲ್ ಲಿಪಿಡ್; ಕ್ಲೋರೋಫಾರಂ ಹಾರಿಸಿ ಫ್ಲಾಸ್ಕಿನ ಗೋಡೆಗೆ ತೆಳು ಪದರ; 1 ಮಿಲಿಲೀಟರ್ ಔಷಧದ ದ್ರಾವಣ ಹಾಕಿ ನೆನೆಸುವುದು; ಐದು ಸಲ ಹೆಪ್ಪುಗಟ್ಟಿಸಿ ಕರಗಿಸುವುದು; 100 ನ್ಯಾನೋಮೀಟರ್ ಪಾಲಿಕಾರ್ಬನೇಟ್ ಪೊರೆಯ ಮೂಲಕ 21 ಸಲ ಒತ್ತುವುದು. (ಬೆಸ ಸಂಖ್ಯೆ ಯಾಕೆಂದರೆ ಕೊನೆಗೆ ದ್ರಾವಣ ಎದುರಿನ ಸಿರಿಂಜಿನಲ್ಲಿ ನಿಲ್ಲಬೇಕು, ಒಮ್ಮೆಯೂ ದಾಟದ ದಪ್ಪ ಕಣಗಳು ಮೊದಲ ಸಿರಿಂಜಿನಲ್ಲೇ ಉಳಿಯುತ್ತವೆ.) ಈ ಗಾತ್ರದ ಚೀಲಗಳು ಒಂದು ಮೈಕ್ರೋಮೋಲ್ ಲಿಪಿಡ್‌ಗೆ 2ರಿಂದ 3 ಮೈಕ್ರೋಲೀಟರ್ ದ್ರವವನ್ನಷ್ಟೇ ಒಳಗೆ ಹಿಡಿಯುತ್ತವೆ. ನಿಮ್ಮಲ್ಲಿ 10 ಮೈಕ್ರೋಮೋಲ್ ಇದೆ, ಅಂದರೆ 1000ದಲ್ಲಿ 20–30 ಮೈಕ್ರೋಲೀಟರ್. ಉಳಿದದ್ದೆಲ್ಲ ಹೊರಗೇ ಇತ್ತು, ಜೆಲ್ ಕಾಲಮಿನಲ್ಲಿ ಹೋಯಿತು.

ಹೆಚ್ಚಿಸಬೇಕಾದರೆ ಲಿಪಿಡನ್ನು ಹತ್ತು ಪಟ್ಟು ಮಾಡಿ. ಆಗ ದ್ರಾವಣ ಕೆನೆಯಷ್ಟು ಮಂದವಾಗುತ್ತದೆ. ನೇರ 100ಕ್ಕೆ ಒತ್ತಲು ಹೋದರೆ ಪೊರೆ ಹರಿಯುತ್ತದೆ. 400, 200, ಆಮೇಲೆ 100 ಎಂದು ಇಳಿಯಿರಿ. ಡಾಕ್ಸೋರುಬಿಸಿನ್ ಎಂಬ ಕ್ಯಾನ್ಸರ್ ಔಷಧಕ್ಕೆ ಮಾಡುವಂತೆ ಅಮೋನಿಯಂ ಸಲ್ಫೇಟಿನ ಇಳಿಜಾರು (ಒಳಗೆ ಹೆಚ್ಚು, ಹೊರಗೆ ಕಡಿಮೆ) ಕಟ್ಟಿ ಒಳಗೆ ಎಳೆದುಕೊಳ್ಳುವ ಉಪಾಯ ಇಲ್ಲಿ ನಡೆಯದು. ಆ ಉಪಾಯಕ್ಕೆ ಅಣುವಿನಲ್ಲಿ ಪ್ರೋಟಾನ್ ಹಿಡಿಯುವ ಅಮೈನ್ ಬಿಡುವಾಗಿರಬೇಕು. ಸಿಸ್‌ಪ್ಲಾಟಿನ್ನಿನ ಅಮೋನಿಯಾ ಪ್ಲಾಟಿನಂ ಕೈಯಲ್ಲಿದೆ.

ಇನ್ನೊಂದು ದಾರಿ ಬಹಳ ಸ್ವಾರಸ್ಯದ್ದು. 2002ರಲ್ಲಿ ನೆದರ್ಲೆಂಡ್ಸಿನ ಉಟ್ರೆಕ್ಟಿನವರು ಋಣಾವೇಶದ ಫಾಸ್ಫಾಟಿಡೈಲ್‌ಸೆರಿನ್ ಬೆರೆಸಿದ ಲಿಪಿಡನ್ನು ಸಿಸ್‌ಪ್ಲಾಟಿನ್ನಿನ ನೀರಿನ ದ್ರಾವಣದಲ್ಲಿ ಮತ್ತೆ ಮತ್ತೆ ಹೆಪ್ಪುಗಟ್ಟಿಸಿ ಕರಗಿಸಿದರು. ಹೆಪ್ಪುಗಟ್ಟುವಾಗ ಸಿಸ್‌ಪ್ಲಾಟಿನ್ ಒತ್ತೊತ್ತಾಗಿ ಗಟ್ಟಿಯಾಗುತ್ತದೆ, ಕ್ಲೋರೈಡ್ ಕಳೆದುಕೊಂಡ ಧನ ಅಯಾನುಗಳು ಋಣ ಲಿಪಿಡಿಗೆ ಅಂಟುತ್ತವೆ, ಕೊನೆಗೆ ಒಂದೇ ಪದರದ ಹೊದಿಕೆಯೊಳಗೆ ಔಷಧದ ಗಟ್ಟಿ ಉಂಡೆ ಸಿಗುತ್ತದೆ. ಮೇಲೆ ಧಾರವಾಡದವರಿಗೆ ಸಲೈನಿನಲ್ಲೇ ಕರಗಿಸಿ ಎಂದೆವು. ಇಲ್ಲಿ ಸಲೈನ್ ಹಾಕಿದರೆ ಆ ಧನ ಅಯಾನುಗಳೇ ಹುಟ್ಟುವುದಿಲ್ಲ, ಕೆಲಸ ಕೆಡುತ್ತದೆ.

ಆದರೆ ಒಳಗೆ ತುಂಬಿಸುವುದನ್ನೇ ದೊಡ್ಡ ಗುರಿ ಮಾಡಿಕೊಳ್ಳಬೇಡಿ. ಎಸ್‌ಪಿಐ-77 ಎಂಬ ಲೈಪೋಸೋಮ್ ಸಿಸ್‌ಪ್ಲಾಟಿನ್ ಗಡ್ಡೆಯವರೆಗೂ ಚೆನ್ನಾಗಿಯೇ ತಲುಪುತ್ತಿತ್ತು. ಗಟ್ಟಿ ಲಿಪಿಡ್, ಮೇಲೆ ಕೊಲೆಸ್ಟರಾಲ್; ಔಷಧ ಹೊರಗೇ ಬರಲಿಲ್ಲ. ರೋಗಿಗಳಲ್ಲಿ ಸೋತಿತು. ಹಾಗಾಗಿ ಎಷ್ಟು ಹಿಡಿಯಿತು ಎಂಬುದರ ಪಕ್ಕದಲ್ಲೇ 24 ಗಂಟೆಯಲ್ಲಿ 37 ಡಿಗ್ರಿಯಲ್ಲಿ, ಸೀರಂ ಇರುವಲ್ಲಿ, ಎಷ್ಟು ಬಿಟ್ಟಿತು ಎಂಬ ಅಂಕಿಯನ್ನೂ ಬರೆಯಿರಿ.

ನಮ್ಮ ತಾಮ್ರದ ಸಂಕೀರ್ಣ ಪೊರೆಯನ್ನು ತೂತು ಮಾಡುತ್ತದೆಯೇ ಎಂದು ಲೈಪೋಸೋಮಿನಿಂದ ಹೊಳೆಯುವ ಬಣ್ಣ ಕ್ಯಾಲ್ಸೀನ್ ಸೋರುವುದನ್ನು ಅಳೆದು ನೋಡಿದೆವು. ಹೊಳಪು ಏರುವ ಬದಲು ಇಳಿಯಿತು!
— ಸಂಶೋಧಕಿ, ಮೈಸೂರು

ಕ್ಯಾಲ್ಸೀನ್ ಎಂಬುದು ಲೋಹ ಹಿಡಿಯಲೆಂದೇ ಕಟ್ಟಿದ ಅಣು. ಲೈಪೋಸೋಮಿನೊಳಗೆ 70 ಮಿಲಿಮೋಲಾರ್ ತುಂಬಿದಾಗ ತಾನೇ ತನ್ನ ಹೊಳಪನ್ನು ನುಂಗುತ್ತದೆ, ಸೋರಿ ತೆಳುವಾದಾಗ 515 ನ್ಯಾನೋಮೀಟರಿನಲ್ಲಿ ಬೆಳಗುತ್ತದೆ. ಇದು ನೀವು ನಂಬಿದ ಲೆಕ್ಕ. ಆದರೆ ತಾಮ್ರ, ಕೋಬಾಲ್ಟ್, ನಿಕಲ್ ಹೊರಗೆ ಇದ್ದರೆ ಸೋರಿದ ಕ್ಯಾಲ್ಸೀನನ್ನು ಹಿಡಿದು ಅಲ್ಲೇ ಆರಿಸಿಬಿಡುತ್ತವೆ. ನಿಮ್ಮ ಸಂಕೀರ್ಣದಿಂದ ತಾಮ್ರ ಕಳಚಿ ಕ್ಯಾಲ್ಸೀನಿಗೆ ದಾಟಿದೆ ಎಂದೇ ನಮ್ಮ ಅನುಮಾನ. ಅದೂ ಒಂದು ಫಲಿತಾಂಶವೇ: ಲಿಗ್ಯಾಂಡ್ ತಾಮ್ರವನ್ನು ಗಟ್ಟಿಯಾಗಿ ಹಿಡಿದಿಲ್ಲ.

ಪರೀಕ್ಷೆ ಸುಲಭ. ಮೊದಲು ಟ್ರೈಟನ್ ಎಕ್ಸ್-100 ಎಂಬ ಮಾರ್ಜಕ ಹಾಕಿ ಎಲ್ಲ ಚೀಲ ಒಡೆಯಿರಿ, ಹೊಳಪು ಪೂರ್ತಿ ಏರಲಿ, ಆಮೇಲೆ ಸಂಕೀರ್ಣ ಹಾಕಿ. ಇಳಿದರೆ ಕ್ಯಾಲ್ಸೀನ್ ನಿಮ್ಮ ಕೆಲಸಕ್ಕೆ ಬಾರದು. ಬದಲಿಗೆ ಕಾರ್ಬಾಕ್ಸಿಫ್ಲೋರೆಸೀನ್ ಎಂಬ ಬಣ್ಣ ಬಳಸಿ, ಅದಕ್ಕೂ ಇದೇ ಪರೀಕ್ಷೆ ಮಾಡಿ. ಬಫರ್ ಯಾವುದೆಂದು ನೀವು ಬರೆದಿಲ್ಲ. ಟ್ರಿಸ್ ಆಗಿದ್ದರೆ ಅದೂ ತಾಮ್ರ ಹಿಡಿಯುತ್ತದೆ, ಹೆಪೆಸ್‌ಗೆ ಬದಲಿಸಿ. ಒಳಗಿನ ಹೊರಗಿನ ಆಸ್ಮೊಲಾಲಿಟಿ (ಕರಗಿದ ಕಣಗಳ ಸಾಂದ್ರತೆ) ಒಂದೇ ಇದೆಯೇ ಎಂದು ಅಳೆಯಿರಿ. ಒಳಗೆ ಹೆಚ್ಚಿದ್ದರೆ ಸಂಕೀರ್ಣ ಹಾಕುವ ಮೊದಲೇ ಚೀಲ ಉಬ್ಬಿ ಸೋರುತ್ತದೆ.

ರುಥೇನಿಯಂ ಸಂಕೀರ್ಣ ಕೊಟ್ಟ ಕೋಶಗಳಲ್ಲಿ ನ್ಯೂಕ್ಲಿಯಸ್ ಕೆಂಪಗೆ ಹೊಳೆಯಿತು. ಡಿಎನ್‌ಎವರೆಗೆ ತಲುಪಿತು ಎಂದು ಬರೆಯಬಹುದೇ?
— ಹೆಸರು ಬೇಡ, ಬೆಂಗಳೂರು

ಫಾರ್ಮಾಲ್ಡಿಹೈಡ್ ಹಾಕಿ ಕೋಶ ಕೊಂದ ಮೇಲೆ ತೆಗೆದ ಚಿತ್ರವೇ? ಹಾಗಿದ್ದರೆ ಬರೆಯಬೇಡಿ. ಬದುಕಿದ್ದಾಗ ಹೊರಪೊರೆಯಲ್ಲೋ ಎಂಡೋಸೋಮಿನಲ್ಲೋ (ಕೋಶ ನುಂಗಿದ್ದನ್ನು ಹಿಡಿದಿಡುವ ಚೀಲ) ಸಿಲುಕಿದ್ದ ಧನ ಅಯಾನು, ಪೊರೆ ಸಡಿಲವಾದ ಕೂಡಲೇ ನ್ಯೂಕ್ಲಿಯಸ್ಸಿಗೆ ಓಡುತ್ತದೆ. ಡಿಪಿಪಿಝಡ್ ಎಂಬ ಚಪ್ಪಟೆ ಲಿಗ್ಯಾಂಡ್ ಇರುವ ಸಂಕೀರ್ಣಗಳು ನೀರಿನಲ್ಲಿ ಆರಿ, ಡಿಎನ್‌ಎಗೆ ಸಿಕ್ಕಿಕೊಂಡಾಗ ಬೆಳಗುವುದು ನಿಜ. ಲಿಪಿಡ್ ಪದರದೊಳಗೆ ಹೊಕ್ಕರೂ ಬೆಳಗುತ್ತವೆ ಎಂಬುದನ್ನು ಜನ ಮರೆಯುತ್ತಾರೆ. ಜೀವಂತ ಕೋಶದಲ್ಲೇ ನೋಡಿ. 37 ಡಿಗ್ರಿಯದೊಂದು ತಟ್ಟೆ, 4 ಡಿಗ್ರಿಯದೊಂದು: ತಣ್ಣಗಿರುವಾಗ ಕೋಶ ಏನನ್ನೂ ನುಂಗುವುದಿಲ್ಲ, ಪೊರೆಯನ್ನು ತಾನಾಗಿ ಜಿನುಗಿ ದಾಟುವುದು ಮಾತ್ರ ಒಳಗೆ ಬರುತ್ತದೆ. ಇನ್ನೊಂದು ಕೋಶದ ರಾಶಿಯಿಂದ ನ್ಯೂಕ್ಲಿಯಸ್ ಬೇರ್ಪಡಿಸಿ ಲೋಹದ ಪ್ರಮಾಣ ಅಳೆಯುವ ಐಸಿಪಿ-ಎಂಎಸ್ ಯಂತ್ರದಲ್ಲಿ ರುಥೇನಿಯಂ ಎಣಿಸಿ.

ಹೆಕ್ಸಾಫ್ಲೋರೋಫಾಸ್ಫೇಟ್ ಲವಣವನ್ನೇ ನೇರ ಮೀಡಿಯಂಗೆ ಹಾಕಿದ್ದರೆ ಇನ್ನೊಂದು ತಕರಾರು. ಅದು ನೀರಿನಲ್ಲಿ ಸರಿಯಾಗಿ ಕರಗದೆ ಕೋಶಗಳ ಮೇಲೆ ಕಣವಾಗಿ ಕೂರುತ್ತದೆ, ಸೂಕ್ಷ್ಮದರ್ಶಕದಲ್ಲಿ ಚುಕ್ಕೆಚುಕ್ಕೆ ಎಂಡೋಸೋಮಿನಂತೆ ಕಾಣುತ್ತದೆ. ಅಸಿಟೋನಿನಲ್ಲಿ ಕರಗಿಸಿ ಟೆಟ್ರಾಬ್ಯೂಟೈಲ್ ಅಮೋನಿಯಂ ಕ್ಲೋರೈಡ್ ಹಾಕಿ. ಕ್ಲೋರೈಡ್ ಲವಣ ಗಸಿಯಾಗಿ ಇಳಿಯುತ್ತದೆ, ಅಸಿಟೋನಿನಲ್ಲಿ ತೊಳೆದರೆ ಮುಗಿಯಿತು.

ವಿದ್ಯುದಾವೇಶ ಇರುವ ಲೋಹ ಅಯಾನು ಎಣ್ಣೆಯಂಥ ಪೊರೆಯನ್ನು ದಾಟುವುದಾದರೂ ಹೇಗೆ?
— ದ್ವಿತೀಯ ಪಿಯು ವಿದ್ಯಾರ್ಥಿ, ಶಿರಸಿ

ಬರೀ ಅಯಾನು ದಾಟುವುದಿಲ್ಲ, ಅದಕ್ಕೆ ಪ್ರೋಟೀನಿನ ಬಾಗಿಲು ಬೇಕು. ಸಂಕೀರ್ಣದಲ್ಲಿ ಅಯಾನಿನ ಸುತ್ತ ಕಾರ್ಬನ್ನಿನ ದೊಡ್ಡ ಉಂಗುರಗಳ ಕಂಬಳಿ ಹೊದ್ದಿರುತ್ತದೆ. ಆವೇಶ ಹರಡಿಕೊಂಡು ಪೊರೆಗೆ ಅಷ್ಟು ಚುಚ್ಚುವುದಿಲ್ಲ. ಇನ್ನೊಂದು ಸೆಳೆತವೂ ಇದೆ. ಜೀವಕೋಶದ ಒಳಭಾಗ ಹೊರಗಿಗಿಂತ ಋಣ. ಒಂಟಿ ಧನಾವೇಶದ ಅಣುವಿಗೆ ಪ್ರತಿ 60 ಮಿಲಿವೋಲ್ಟ್ ವ್ಯತ್ಯಾಸಕ್ಕೆ ಒಳಗಿನ ಸಾಂದ್ರತೆ ಹತ್ತು ಪಟ್ಟು ಏರಬಹುದು. ಮೈಟೋಕಾಂಡ್ರಿಯದ ಒಳಪೊರೆಯಲ್ಲಿ 180 ಮಿಲಿವೋಲ್ಟ್‌ವರೆಗೂ ಇರುತ್ತದೆ. ಹತ್ತನ್ನು ಮೂರು ಸಲ ಗುಣಿಸಿ ನೋಡಿ, ಇಂಥ ಸಂಕೀರ್ಣಗಳು ಯಾಕೆ ಹೆಚ್ಚಾಗಿ ಅಲ್ಲೇ ಹೋಗಿ ಕೂರುತ್ತವೆ ಎಂದು ಗೊತ್ತಾಗುತ್ತದೆ.